ಸಂಘದ ಸಾಲ ಮಿತಿಮೀರಿದರೆ ಹೊಣೆ ಯಾರದು?

ಪ್ರಶ್ನೆ: ಶಿಡ್ಲಘಟ್ಟ, ಚಿಂತಾಮಣಿ ಕಡೆ ಒಂದೇ ಮನೆಗೆ ಮೂರ್ನಾಲ್ಕು ಸಂಘದ ಸಾಲ (ಮೈಕ್ರೋಫೈನಾನ್ಸ್ ಸಂಸ್ಥೆಗಳು ಹೆಣ್ಮಕ್ಕಳ ಗುಂಪಿಗೆ ಕೊಡುವ ಸಾಲ). ಕಂತು ತಪ್ಪಿದರೆ ಎಲ್ಲರೂ ಹೆಣ್ಮಕ್ಕಳನ್ನೇ ಬೈತಾರೆ. ಕೊಟ್ಟವರಿಗೆ ಹೊಣೆ ಇಲ್ವಾ?

ಉತ್ತರ 1: ಇದೆ, ದೊಡ್ಡ ಪಾಲೇ ಇದೆ. ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ ಮನೆಯ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. ಚಿನ್ನದ ಸಾಲವೂ ಈ ಲೆಕ್ಕಕ್ಕೆ ಬರುತ್ತೆ. 20,000 ಆದಾಯದ ಮನೆಗೆ ಮಿತಿ 10,000. ಮೂರು ಸಾಲಕ್ಕೆ ವಾರಕ್ಕೆ ತಲಾ 900 ಕಂತು ಅಂದರೆ ತಿಂಗಳಿಗೆ 11,700 ಆಯ್ತು. ಮೂರನೇ ಸಾಲ ಕೊಡಲೇಬಾರದಿತ್ತು. ಆದಾಯ ಅಳೆಯೋದು, ಕ್ರೆಡಿಟ್ ರಿಪೋರ್ಟ್ (ಈಗಾಗಲೇ ಇರುವ ಸಾಲಗಳ ದಾಖಲೆ) ನೋಡೋದು ಕೊಡುವವರ ಕೆಲಸ. ಫಾರಂನಲ್ಲಿ ಆದಾಯ ಹಿಗ್ಗಿಸಿ ಬರೆದರೆ ಅಲ್ಲಿಂದಲೇ ಎಡವಟ್ಟು ಶುರು.

ಉತ್ತರ 2: ಪಡೆಯೋರ ಕಡೆಯ ತಪ್ಪನ್ನೂ ಹೇಳಬೇಕು. ತಮ್ಮ ಹೆಸರಲ್ಲಿ ಸಾಲ ಎತ್ತಿ ಬೇರೆಯವರ ಕೈಗೆ ಕೊಡಬೇಡಿ, ಸಹಿ ಹಾಕಿದವರೇ ಬಾಧ್ಯರು. ಗುಂಪಿನಲ್ಲಿ ಒಬ್ಬರು ತಪ್ಪಿದರೆ ಉಳಿದವರು ತುಂಬಬೇಕು, ಅದಕ್ಕಾಗಿ ಅವರು ಇನ್ನೊಂದು ಸಾಲ ಮಾಡ್ತಾರೆ. 2009ರಲ್ಲಿ ಕೋಲಾರದಲ್ಲಿ ಮರುಪಾವತಿ ನಿಂತಾಗಲೂ ಒಬ್ಬೊಬ್ಬರ ಮೇಲೆ ಹಲವು ಸಂಸ್ಥೆಗಳ ಸಾಲ ಇತ್ತು.

ಉತ್ತರ 3: ಈಗ ಮಾಡಬೇಕಾದ್ದು: ಮೊದಲು ಪ್ರತಿ ಸಾಲದ ಫ್ಯಾಕ್ಟ್ ಶೀಟ್ (ಬಡ್ಡಿ, ಶುಲ್ಕಗಳ ವಿವರ ಇರುವ ಹಾಳೆ) ಕೇಳಿ, ಅದರಲ್ಲಿ ಇಲ್ಲದ ಯಾವ ಶುಲ್ಕವನ್ನೂ ಕಟ್ಟಬೇಕಿಲ್ಲ. ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ವಸೂಲಿಗೆ ಬರುವಂತಿಲ್ಲ, ನೆಂಟರನ್ನು ಕಾಡುವಂತಿಲ್ಲ. ಸಂಸ್ಥೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ (ಗ್ರಾಹಕರ ದೂರು ಬಗೆಹರಿಸುವ ಅಧಿಕಾರಿ) ದೂರು ಕೊಡಿ; ಮಾಹಿತಿಗೆ 14448. ಬೆದರಿಕೆ ಹಾಕಿದರೆ ಕಾಯಬೇಡಿ, ಅವತ್ತೇ ಠಾಣೆಗೆ ಹೋಗಿ.