ಅಪ್‌ಡೇಟ್: ಮಾರಿಯೋ ಲೈಫ್ ಕಡಿಮೆಯಾಗೋದು ನಿಂತಿತು!

ಹೋದ ವಾರ ಕೇಳಿದ್ದೆ ಅಲ್ವಾ, 1985ರ ಸೂಪರ್ ಮಾರಿಯೋ ಬ್ರದರ್ಸ್‌ನಲ್ಲಿ ಲೈಫ್ ಕಳೆಯುವ ಡಿಇಸಿ (ಒಂದು ಕಡಿಮೆ ಮಾಡುವ ಪ್ರೊಸೆಸರ್ ಆದೇಶ) ಸಾಲಿನ ಮೂರು ಬೈಟ್‌ಗೂ ಎನ್‌ಒಪಿ (ಏನೂ ಮಾಡದ ಆದೇಶ; ಹೆಕ್ಸ್‌ನಲ್ಲಿ, ಅಂದರೆ 16ರ ಎಣಿಕೆಯಲ್ಲಿ, ಇಎ) ತುಂಬಿದರೆ, ಮೊದಲ ಸಲ ಸತ್ತಾಗಲೇ ಗೇಮ್ ಓವರ್ ಬರುತ್ತಿದೆ ಅಂತ. ಈಗ ಸರಿಯಾಗಿದೆ.

ಕೆಲಸ ಮಾಡಿದ್ದು ಎರಡನೇ ಉತ್ತರದ ಸಲಹೆ: ಅಳಿಸಬೇಡಿ, ಡಿಇಸಿಯನ್ನು ಎಲ್‌ಡಿಎ (ಮೆಮೊರಿಯಿಂದ ಸಂಖ್ಯೆ ಓದುವ ಆದೇಶ) ಮಾಡಿ. ಸಿಇ 5ಎ 07 ಇದ್ದದ್ದು ಎಡಿ 5ಎ 07 ಆಯಿತು. ಒಂದೇ ಬೈಟ್! ಗೇಮ್ ಫೈಲ್‌ನಲ್ಲಿ ಅದು ಹೆಕ್ಸ್ 11ಇ9 ಸ್ಥಾನದಲ್ಲಿದೆ. ಹೆಡರ್‌ನ (ಫೈಲ್ ಶುರುವಿನಲ್ಲಿ ವಿವರ ಇರುವ ಭಾಗ) 16 ಬೈಟ್ ಸೇರಿಸಿ ಎಣಿಸಬೇಕು.

ಶುರುವಿನ ಲೈಫ್ ಜಾಸ್ತಿ ಮಾಡುವ ಸಲಹೆಯಿಂದ ಉಪಯೋಗ ಆಗಲಿಲ್ಲ, ಲೈಫ್ ಕಳೆಯುತ್ತಲೇ ಇತ್ತು.

ನನಗೆ ಆಶ್ಚರ್ಯ ಆಗಿದ್ದು ಕಾರಣ ತಿಳಿದಾಗ. ಡಿಇಸಿಯ ಮುಂದಿನ ಸಾಲು ಬಿಪಿಎಲ್, ಅಂದರೆ ಆಟ ಮುಂದುವರಿಯಬೇಕಾ ಗೇಮ್ ಓವರ್ ಆಗಬೇಕಾ ಅಂತ ಇಲ್ಲಿ ದಾರಿ ಆರಿಸುವ ಆದೇಶ. ಅದು ಲೈಫ್ ಎಷ್ಟಿದೆ ಅಂತ ನೋಡುವುದಿಲ್ಲ, ನೆಗೆಟಿವ್ ಫ್ಲ್ಯಾಗ್ (ಹಿಂದಿನ ಫಲಿತಾಂಶ ಋಣಾತ್ಮಕವೇ ಅಂತ ಪ್ರೊಸೆಸರ್ ಇಟ್ಟುಕೊಳ್ಳುವ ಗುರುತು) ಮಾತ್ರ ನೋಡುತ್ತದೆ; ಅದು ಆನ್ ಇದ್ದರೆ ಗೇಮ್ ಓವರ್. ಸ್ವಲ್ಪ ಮೇಲೆ ಸಂಗೀತ ನಿಲ್ಲಿಸಲು ಹೆಕ್ಸ್ 80 ಲೋಡ್ ಆಗಿ ಆ ಫ್ಲ್ಯಾಗ್ ಆನ್ ಆಗಿರುತ್ತದೆ. ಎನ್‌ಒಪಿ ಫ್ಲ್ಯಾಗ್ ಮುಟ್ಟುವುದೇ ಇಲ್ಲ. ಎಲ್‌ಡಿಎ ಲೈಫ್ ಓದಿ ಆ ಫ್ಲ್ಯಾಗ್ ಆಫ್ ಮಾಡುತ್ತದೆ.

ಹಳೇ ಗೇಮ್ ಜೀನಿ (ಆಟಕ್ಕೆ ಚೀಟ್ ಕೋಡ್ ಹಾಕುವ ಸಾಧನ) ಕೋಡ್ ಎಸ್‌ಎಕ್ಸ್‌ಐಒಪಿಒ ಮಾಡುವುದೂ ಇದನ್ನೇ! ಸಹಾಯ ಮಾಡಿದ ಎಲ್ಲರಿಗೂ ತುಂಬಾ ಥ್ಯಾಂಕ್ಸ್.