ಅಪ್‌ಡೇಟ್: ಮುಂದಿನ ಚಕ್ರ ಹಿಡಿದುಕೊಳ್ಳುತ್ತಿದ್ದುದಕ್ಕೆ ಕಾರಣ ಸಿಕ್ಕಿತು

ಬ್ರೇಕ್ ಪೆಡಲ್ ಬಿಟ್ಟ ಮೇಲೂ ನನ್ನ ಹಳೇ ಕಾರಿನ ಮುಂದಿನ ಎಡ ಚಕ್ರ ಹಿಡಿದುಕೊಂಡೇ ಇರುತ್ತದೆ, ಸ್ವಲ್ಪ ಓಡಿಸಿದರೆ ರಿಮ್ ಮುಟ್ಟೋಕಾಗದಷ್ಟು ಬಿಸಿ ಅಂತ ಕೇಳಿದ್ದೆನಲ್ಲ, ಅದರ ಕಥೆ ಇದು. ಕ್ಯಾಲಿಪರ್ ಪಿಸ್ಟನ್ (ಬ್ರೇಕ್ ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಭಾಗ) ಜಾಮ್ ಅಂತ ಹೆಚ್ಚಿನವರು ಹೇಳಿದ್ದಿರಿ. ನಾನೂ ಹೊಸದು ತರೋಕೆ ಹೊರಟಿದ್ದೆ, ಸದ್ಯ ತರಲಿಲ್ಲ.

ಕಾರನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಚಕ್ರ ಬಿಗಿಯಾಗಿರುವಾಗಲೇ ಕ್ಯಾಲಿಪರ್ ಮೇಲಿನ ಬ್ಲೀಡ್ ನಿಪ್ಪಲ್ (ಫ್ಲೂಯಿಡ್, ಗಾಳಿ ಹೊರಬಿಡುವ ಸಣ್ಣ ತಿರುಪು) ಸಡಿಲಿಸಿದೆ. ಬ್ರೇಕ್ ಫ್ಲೂಯಿಡ್ ಚಿರ್ ಅಂತ ಚಿಮ್ಮಿತು, ಚಕ್ರ ಆರಾಮಾಗಿ ತಿರುಗಿತು. ಅಂದರೆ ಪಿಸ್ಟನ್ ಸರಿಯಾಗಿದೆ, ಒತ್ತಡ ವಾಪಸ್ ಹೋಗುತ್ತಿಲ್ಲ. ನಿಪ್ಪಲ್ ಮುಚ್ಚಿ ಮತ್ತೆ ಪೆಡಲ್ ಒತ್ತಿ ಬಿಟ್ಟು, ಈ ಸಲ ಕ್ಯಾಲಿಪರ್‌ಗೆ ಫ್ಲೂಯಿಡ್ ಒಯ್ಯುವ ರಬ್ಬರ್ ಹೋಸ್ ಲೋಹದ ಪೈಪಿಗೆ ಸೇರುವ ಕಡೆ ನಟ್ ಸಡಿಲಿಸಿದರೆ ಚಕ್ರ ಅಲ್ಲಾಡಲೇ ಇಲ್ಲ. ಅಂದರೆ ತಡೆ ಹೋಸ್ ಒಳಗೇ ಇದೆ. ಕಳ್ಳ ಸಿಕ್ಕಿಬಿದ್ದ!

ಹೋಸ್ ಬಿಚ್ಚಿ ಕತ್ತರಿಸಿ ನೋಡಿದೆ. ಹೊರಗೆ ಒಂದು ಬಿರುಕೂ ಇಲ್ಲ, ಒಳಗಿನ ರಬ್ಬರ್ ಮಾತ್ರ ಊದಿಕೊಂಡು ಸೂಜಿ ತೂರುವಷ್ಟೇ ಜಾಗ ಉಳಿದಿತ್ತು. ಕಾಲಿನ ಜೋರಿಗೆ ಫ್ಲೂಯಿಡ್ ಒಳಗೆ ಹೋಗುತ್ತದೆ, ವಾಪಸ್ ಬರೋಕೆ ಆ ಬಲ ಇಲ್ಲ, ಅಲ್ವಾ? ಎರಡೂ ಕಡೆ ಹೋಸ್, ತಾಮ್ರದ ವಾಷರ್ ಬದಲಿಸಿ, ಹೊಸ ಡಾಟ್ 4 ಬ್ರೇಕ್ ಫ್ಲೂಯಿಡ್ ಹಾಕಿ ಬ್ಲೀಡ್ ಮಾಡಿದೆ (ಒಳಗಿನ ಗಾಳಿ ಹೊರತೆಗೆದೆ). ಬಿಸಿಗೆ ಗಾಜಿನಂತೆ ಹೊಳೆಯುತ್ತಿದ್ದ ಪ್ಯಾಡ್‌ಗಳನ್ನೂ ಜೊತೆಯಾಗಿ ಬದಲಿಸಿದೆ. ನಾಲ್ಕು ಹನಿ ಫ್ಲೂಯಿಡ್ ಫೆಂಡರ್ ಮೇಲೆ ಬಿದ್ದು ಪೇಂಟ್ ಎದ್ದಿದೆ, ಅದು ನನ್ನದೇ ತಪ್ಪು, ತಕ್ಷಣ ನೀರು ಹಾಕಬೇಕಿತ್ತು. ಈಗ ಎರಡೂ ರಿಮ್ ಒಂದೇ ಥರ ಬೆಚ್ಚಗಿವೆ.