ಸಹಾಯ ಬೇಕು: ಕಣ್ಣು ನೆಟ್ಟ ಜಾಗದಲ್ಲೇ ಪದ ಎರಡು ಹೋಳಾಗುತ್ತಾ?

ಬೆಂಗಳೂರಲ್ಲಿ ಕನ್ನಡ ಓದುಗರ ಜೊತೆ ಮಾಡ್ತಿರೋ ಪ್ರಯೋಗ ಒಂದು ಕಡೆ ಸಿಕ್ಕಾಕೊಂಡಿದೆ. ನೋಟದ ಎಡಭಾಗ ಬಲ ಮಿದುಳಿಗೆ, ಬಲಭಾಗ ಎಡ ಮಿದುಳಿಗೆ, ಇದರಲ್ಲಿ ತಕರಾರಿಲ್ಲ. ಜಗಳ ಇರೋದು ನಟ್ಟನಡುವೆ, ಫೋವಿಯಾದಲ್ಲಿ (ರೆಟಿನಾದಲ್ಲಿ ನೋಟ ಅತಿ ಸ್ಪಷ್ಟವಾಗಿರೋ ನಡುಭಾಗ): ಅಲ್ಲೂ ಹೀಗೇ ಸೀಳುತ್ತಾ, ಇಲ್ಲಾ ನಡುವಿನ ಪಟ್ಟಿ ಎರಡೂ ಕಡೆ ಹೋಗುತ್ತಾ?

ಪರದೆ 57 ಸೆಂ.ಮೀ. ದೂರ (1 ಸೆಂ.ಮೀ. ಅಂದ್ರೆ ಸುಮಾರು 1 ಡಿಗ್ರಿ), ಗದ್ದಕ್ಕೆ ಆಸರೆ, 60 ಹರ್ಟ್ಸ್ ಮಾನಿಟರ್. ಪದ 9 ಫ್ರೇಮ್, ಅಂದ್ರೆ 150 ಮಿಲಿಸೆಕೆಂಡ್ ಮಾತ್ರ. ಜಾಸ್ತಿ ಬಿಟ್ರೆ ಕಣ್ಣು ಜಿಗಿಯುತ್ತೆ.

ತೊಂದರೆ ಏನಂದ್ರೆ ಒಂದು ಅಕ್ಷರದ ಅಗಲ 0.5 ಡಿಗ್ರಿ, ಐ ಟ್ರ್ಯಾಕರ್ (ಕಣ್ಣು ಎಲ್ಲಿ ನೋಡ್ತಿದೆ ಅಂತ ಅಳೆಯೋ ಸಾಧನ) ತಪ್ಪೂ ಹೆಚ್ಚುಕಮ್ಮಿ ಅಷ್ಟೇ! ಸಾಲದ್ದಕ್ಕೆ ಎರಡು ಕಣ್ಣೂ ಯಾವಾಗ್ಲೂ ಒಂದೇ ಅಕ್ಷರದ ಮೇಲೆ ಕೂರಲ್ಲ. ಒಂದು ಕಣ್ಣು ಮುಚ್ಚಿಸಿ ನೋಡಾಯ್ತು, ಆ ಗೊಂದಲ ಹೋಯ್ತು, ಆದ್ರೆ ಅದು ಸಹಜ ಓದಲ್ಲ. ಅಕ್ಷರ ದೊಡ್ಡದು ಮಾಡಿದ್ರೆ ಪದದ ತುದಿಗಳು ಫೋವಿಯಾ ದಾಟುತ್ತೆ. ಇನ್ನು ಒತ್ತಕ್ಷರದ ಕಥೆ ಬೇರೆ. ‘ರಾಷ್ಟ್ರೀಯ’ದಲ್ಲಿ ಒತ್ತು ಕೆಳಗೂ ಬಲಕ್ಕೂ ಚಾಚಿದೆ, ನಡುಗೆರೆ ಎಲ್ಲಿ ಎಳೆಯೋದು? (ಎಡದಿಂದ ಬಲಕ್ಕೆ ಓದೋ ರೂಢಿಯ ಪ್ರಭಾವ ಬೇರ್ಪಡಿಸೋಕೆ ಶಿವಾಜಿನಗರದ ಉರ್ದು ಓದುಗರನ್ನೂ ಸೇರಿಸೋ ಯೋಚನೆ ಇದೆ.)

ಇಂಥ ಪ್ರಯೋಗ ಮಾಡಿದವರು ಹೇಳಿ: ನೋಟ ನಡುವಿನಿಂದ ಎಷ್ಟು ಡಿಗ್ರಿ ಸರಿದಿದ್ರೆ ಆ ಟ್ರಯಲ್ ಕೈಬಿಡ್ತೀರಿ? ಪದದ ನಡುವನ್ನ ಅಕ್ಷರ ಎಣಿಸಿ ಗುರುತಿಸ್ತೀರೋ, ಪಿಕ್ಸೆಲ್ ಅಗಲ ಅಳೆದೋ?